ಕಂದೀಲು ಹಿಡಿದ ಕಲ್ಲಿನ ಅಕ್ಕೋರು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಇದನ್ನು ಹೇಳಲು ನನಗೆ ನೆನಪು ಬೇಕಿಲ್ಲ, ಫೋನಿನಲ್ಲಿ ಚಿತ್ರವಿದೆ. ನೀರಿಲ್ಲದ ಹಾಳು ಬಾವಿಯ ತಳದಲ್ಲಿ ಒಂದು ದೀಪ. ಸುತ್ತ ಒಣಗಿದ ಬೇವಿನ ಎಲೆ, ಯಾರದೋ ಒಂಟಿ ಚಪ್ಪಲಿ, ಗೋಡೆಯಲ್ಲಿ ಕರಿಕಲ್ಲೂ ಸುಣ್ಣದ ಕಲ್ಲೂ ಕೂಡುವಲ್ಲಿ ಒಂದು ಹಸಿರುಬೂದಿ ಪಟ್ಟಿ. ದೀಪ ಎಷ್ಟು ಚೆನ್ನಾಗಿ ಬೆಳಗುತ್ತಿದೆಯೆಂದರೆ ಚಪ್ಪಲಿಯ ಹರಿದ ಉಂಗುಟವೂ ಕಾಣುತ್ತದೆ. ಆ ಚಿತ್ರ ತೆಗೆದು ಫೋನನ್ನು ಜೇಬಿಗಿಳಿಸಿ, ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದ ಲಗಮಪ್ಪನಿಗೆ ನಾನು ಹೇಳಿದೆ: "ದೀಪಾ ಛಲೋ ಉರಿಯಾಕ ಹತ್ತೈತಿ. ಇಳೀರಿ."

ಕೆಟ್ಟದ್ದು ಶುರುವಾದದ್ದು ಆ ಮಾತಿನಿಂದ.

ನಾನು ಬರೆಯಬೇಕೆಂದಿರುವುದು ಬಾವಿಯ ಬಗ್ಗೆ ಅಲ್ಲ, ಅಕ್ಕೋರ ಬಗ್ಗೆ. ಆದರೆ ಅವರನ್ನು ನೆನೆಯಲು ಕೂತಾಗಲೆಲ್ಲ ಮೊದಲು ಬಾವಿಯೇ ಬಾಯಿ ತೆರೆಯುತ್ತದೆ. ಅವರು ತೀರಿಕೊಂಡು ಮೂರು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಪೇಪರಿನಲ್ಲಿ ಹೆಸರು ಬಂದರೆ ಅವರು ಮುಖ ಸಿಂಡರಿಸುತ್ತಿದ್ದರು. ಬೈಲಹೊಂಗಲದ ಕಾಲೇಜಿನಲ್ಲಿ ನಮಗೆ ಭೂವಿಜ್ಞಾನ ಕಲಿಸುತ್ತಿದ್ದರು, ಕಿತ್ತೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ನಾವು ಎದುರಿಗೆ ಮೇಡಂ ಅನ್ನುತ್ತಿದ್ದೆವು. ಬಸ್ ಸ್ಟ್ಯಾಂಡಿನ ಚಹಾದವನಿಂದ ಹಿಡಿದು ರಾಮದುರ್ಗದ ಕಡೆಯ ಕಲ್ಲೊಡೆಯುವವರ ತನಕ ಉಳಿದವರಿಗೆಲ್ಲ ಅವರು ಕಲ್ಲಿನ ಅಕ್ಕೋರು.

ಕುಳ್ಳಗಿನ ಹೆಂಗಸು. ನೂಲಿನ ಸೀರೆ, ಅದರ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು. ಹೆಗಲಿನ ಚೀಲದಲ್ಲಿ ಒಂದು ಸುತ್ತಿಗೆ, ಟವೆಲ್ಲಿನಲ್ಲಿ ಸುತ್ತಿದ ಸಣ್ಣ ಆಸಿಡ್ ಬಾಟಲಿ, ಒಂದು ನೋಟ್‌ಬುಕ್ಕು. ಇನ್ನೊಂದು ಕೈಯಲ್ಲಿ, ಹಿಟ್ಟಿನ ಚೀಲದೊಳಗೆ ತಲೆ ಮಾತ್ರ ಹೊರಗಿಟ್ಟುಕೊಂಡ ಒಂದು ಕಂದೀಲು. ಕ್ಷೇತ್ರಪ್ರವಾಸ ಇದ್ದ ದಿನ ಅದು ತಪ್ಪುತ್ತಿರಲಿಲ್ಲ. ಒಮ್ಮೆ ಕಂಡಕ್ಟರು ಕೇಳಿದ್ದ:

"ಅಕ್ಕೋರ, ಹಾಡಹಗಲ ಕಂದೀಲ ಹಿಡಕೊಂಡು ಏನ ಹುಡಕಾಕ ಹೊಂಟೀರಿ?"

"ನಿನ್ನ ಬಸ್ಸಿನ ಬ್ರೇಕ್ ಎಲ್ಲಿ ಬಿದ್ದಾವ ಅಂತ ನೋಡಬೇಕಲ್ಲೋ ತಮ್ಮಾ."

ಇಡೀ ಬಸ್ಸು ನಕ್ಕಿತು. ಅಕ್ಕೋರು ನಗಲಿಲ್ಲ. ಅವರಿಗೆ ನಿಜವಾಗಿ ಬ್ರೇಕಿನ ಚಿಂತೆ ಇತ್ತು.

ಯಾಕೆಂದರೆ ಅವರು ಅಂಜುಬುರುಕಿ. ಇದನ್ನು ನಾವು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಸವದತ್ತಿಯ ಗುಡ್ಡಕ್ಕೆ ಕರೆದೊಯ್ದರೆ ಬಸ್ಸಿನಿಂದ ಇಳಿದಾಗೊಮ್ಮೆ, ಗುಡ್ಡ ಹತ್ತಿದಾಗೊಮ್ಮೆ, ಊಟಕ್ಕೆ ಕೂತಾಗೊಮ್ಮೆ ನಮ್ಮ ತಲೆ ಎಣಿಸುತ್ತಿದ್ದರು. ಬಂಡೆಯ ಅಂಚಿಗೆ ಯಾರಾದರೂ ಹೋದರೆ ಮಾತು ಅರ್ಧಕ್ಕೆ ನಿಲ್ಲಿಸಿ, ಅವನು ಈಚೆಗೆ ಬರುವ ತನಕ ಬಾಯಿ ತೆರೆಯುತ್ತಿರಲಿಲ್ಲ. "ಮೇಡಂಗ ಗಾಳಿ ಬೀಸಿದ್ರೂ ಅಂಜಿಕಿ" ಎಂದು ಗೆಳೆಯನೊಬ್ಬ ಅಂದದ್ದು ಅವರ ಕಿವಿಗೆ ಬಿತ್ತು. ಅವರು ತಿರುಗಿ ಹೇಳಿದರು: "ಬೀಸೂ ಗಾಳಿಗೆ ಅಂಜಿಕಿಲ್ಲೋ. ಬೀಸದs ಕುಂತ ಗಾಳಿಗೆ ಅಂಜತೇನಿ ನಾ."

ಆಗ ಅದು ನಮಗೆ ಬರೀ ಚಮತ್ಕಾರದ ಮಾತಾಗಿ ಕೇಳಿಸಿತು.

ಮನುಷ್ಯರ ನಡುವೆ ಹೇಗಿರಬೇಕೆಂಬುದು ಅವರಿಗೆ ಪೂರ್ತಿ ಗೊತ್ತಿರಲಿಲ್ಲ. ಸಹೋದ್ಯೋಗಿಯೊಬ್ಬರು ಬೈಲಹೊಂಗಲದಲ್ಲಿ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಕರೆದಿದ್ದರು. ಪಡಸಾಲೆಗೆಲ್ಲ ಮಾರ್ಬಲ್. ಪಂಕ್ತಿಯಲ್ಲಿ ಕೂತ ಅಕ್ಕೋರು ಎಲೆಯ ತುದಿಯ ಲಿಂಬೆಹೋಳನ್ನು ಸದ್ದಿಲ್ಲದೆ ನೆಲಕ್ಕೆ ಹಿಂಡಿ, ಹುಳಿಗೆ ಕಲ್ಲು ಬುಸುಗುಟ್ಟುತ್ತದೆಯೋ ಎಂದು ಬಗ್ಗಿ ಕಿವಿಗೊಟ್ಟರು. ಹೊಳಪು ಹೋಗಿ ನಾಣ್ಯದಗಲ ಕಲೆ ಉಳಿಯಿತು. "ಖರೇ ಮಾರ್ಬಲ್ ಅದರಿ! ಮೋಸ ಮಾಡಿಲ್ಲ ನಿಮಗ" ಎಂದು ಮನೆಯ ಯಜಮಾನತಿಗೆ ಸಂತೋಷದಿಂದ ಹೇಳಿದರು. ಆಕೆ ಮುಂದೆ ಎರಡು ವರ್ಷ ಅವರೊಂದಿಗೆ ಮಾತಾಡಲಿಲ್ಲ. ಅದು ಯಾಕೆಂದು ಅಕ್ಕೋರಿಗೆ ಕೊನೆಗೂ ತಿಳಿದಂತೆ ಕಾಣಲಿಲ್ಲ.

ಪಾಠದಲ್ಲಿ ಮಾತ್ರ ಬೇರೆಯೇ ಆಗುತ್ತಿದ್ದರು. ಜ್ವಾಲಾಮುಖಿಯ ಅಡಿಯಲ್ಲಿ ಶಿಲಾರಸ ಸುತ್ತಲಿನ ಕಲ್ಲಿನೊಂದಿಗೆ ಹೇಗೆ ವ್ಯವಹರಿಸುತ್ತದೆ ಎಂಬುದು ಅವರ ಜೀವದ ಪಾಠ. ಪುಸ್ತಕ ತೆರೆಯಲಿಲ್ಲ. ಎಂ.ಕೆ. ಹುಬ್ಬಳ್ಳಿಯ ಕಡೆಯಿಂದ ಬರುತ್ತಿದ್ದ, ಮನೆಯಲ್ಲಿ ಬೆಲ್ಲದ ಗಾಣವಿದ್ದ ಹುಡುಗಿಯೊಬ್ಬಳನ್ನು ಎಬ್ಬಿಸಿದರು.

"ನಿಮ್ಮ ಗಾಣದಾಗ ಕಬ್ಬಿನ ಹಾಲು ಎದರಾಗ ಕುದಸತೀರಿ?"

"ಕೊಪ್ಪರಿಗ್ಯಾಗ್ರಿ."

"ಅದು ಕಬ್ಬಿಣದ್ದು. ಅದಕ್ಕೇನೂ ಆಗೂದಿಲ್ಲ. ಅಲ್ಲಾ? ಈಗ ಹೇಳು, ಕೊಪ್ಪರಿಗಿನs ಬೆಲ್ಲದ್ದಿದ್ರ?"

ತರಗತಿ ನಕ್ಕಿತು. ಹುಡುಗಿ ಯೋಚಿಸಿ, "ಸೋರತೈತ್ರಿ" ಎಂದಳು.

"ಸೋರೂಕಿಂತ ಮೊದಲ ಏನಾಗತದ?"

"ಕೊಪ್ಪರಿಗಿ ಕರಗಿ ಹಾಲಿನ್ಯಾಗ ಕೂಡತೈತ್ರಿ. ಹಾಲು ದಪ್ಪ ಆಕ್ಕೈತಿ."

"ಹಾ! ಕುಂಡ್ರು. ಪಾಠ ಮುಗೀತು."

ಮುಗಿಯಲಿಲ್ಲ, ಮೂರು ವಾರ ನಡೆಯಿತು. ನೆಲದಡಿ ಶಿಲಾರಸ ತುಂಬಿದ ಕೋಣೆಯ ಗೋಡೆಗಳು ಕಬ್ಬಿಣದವಲ್ಲ, ಅವೂ ಕಲ್ಲೇ, ಅವೂ ಕರಗುತ್ತವೆ. ಮೇಲೆ ಬಂದು ಸುರಿಯುವುದು ಕೆಳಗಿನಿಂದ ಹೊರಟದ್ದೇ ಅಲ್ಲ. ದಾರಿಯಲ್ಲಿ ಮರಳುಗಲ್ಲು ಸಿಕ್ಕರೆ ಅದನ್ನು ತಿಂದು ರಸ ಅಂಟಾಗುತ್ತದೆ. ಸುಣ್ಣದ ಕಲ್ಲು ಸಿಕ್ಕರೆ ಅದರ ಸುಣ್ಣದ ಅಂಶವನ್ನು ತಾನು ತೆಗೆದುಕೊಂಡು ತನ್ನ ಮರಳಿನ ಅಂಶವನ್ನು ಅದಕ್ಕೆ ಕೊಡುತ್ತದೆ. ಎರಡೂ ಕೂಡುವ ಅಂಚಿನಲ್ಲಿ, ಈ ಕಡೆಯದೂ ಅಲ್ಲದ ಆ ಕಡೆಯದೂ ಅಲ್ಲದ ಹಸಿರುಬೂದಿ ಬಣ್ಣದ ಒಂದು ಹೊಸ ಕಲ್ಲು ಹುಟ್ಟುತ್ತದೆ. ಅದಕ್ಕೆ ಅವರು ಬೀಗರ ಕಲ್ಲು ಅನ್ನುತ್ತಿದ್ದರು. "ಕೊಡೂದು ತಗೊಳ್ಳೂದು ಎರಡೂ ಕಡಿಂದ ಆಗೇತಿ. ಜಗಳ ಆಗಿದ್ದೂ ಖರೆ." ಅವರ ಮೇಜಿನ ಮೇಲೆ ಮುಷ್ಟಿಯಷ್ಟು ಅಂಥ ಒಂದು ತುಂಡು ಇರುತ್ತಿತ್ತು.

ಜಗಳವೆಂದರೆ ಗಾಳಿ. ಸುಣ್ಣದ ಕಲ್ಲು ಕಾದರೆ ಒಳಗೆ ಕಟ್ಟಿಟ್ಟುಕೊಂಡ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಅದು ಶಿಲಾರಸದೊಳಗೆ ಸೇರಿ ಅದನ್ನು ಉಬ್ಬಿಸುತ್ತದೆ. "ಗುಡ್ಡ ಒಡೀಬೇಕಂದ್ರ ಬರೇ ಬೆಂಕಿ ಸಾಲೂದಿಲ್ಲ. ಗಾಳಿ ಬೇಕು. ನಮ್ಮ ಸುಣ್ಣದ ಭಟ್ಟ್ಯಾಗ ನಡಿಯೂದೂ ಅದ. ಕಲ್ಲು ಕಾಯತದ, ಗಾಳಿ ಬಿಡತದ, ಸುಣ್ಣ ಉಳಿತದ. ಆ ಗಾಳಿಗೆ ಬಣ್ಣಿಲ್ಲ, ವಾಸನಿಲ್ಲ. ನಾವು ಉಸರಾಡೂ ಗಾಳಿಗಿಂತ ಭಾರ. ನೀರಿನಂಗ ತಗ್ಗ ಹುಡುಕಿ ಹೋಗಿ ಕುಂಡ್ರತದ."

ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂತು. ಎರಡೂವರೆ ಪುಟ ಬರೆದೆ. ಭಾರದ ಗಾಳಿ ತಗ್ಗಿನಲ್ಲಿ ಕೂರುತ್ತದೆ ಎಂಬುದರ ಕೆಳಗೆ ಗೆರೆ ಎಳೆದಿದ್ದೆ. ಉತ್ತರವನ್ನು ಅಕ್ಕೋರು ತರಗತಿಯಲ್ಲಿ ಓದಿ ಹೇಳಿದರು. ಆಮೇಲೆ ನನ್ನನ್ನು ನೋಡಿ ತಮ್ಮ ಯಾವತ್ತಿನ ಪ್ರಶ್ನೆ ಕೇಳಿದರು: "ನೋಡೀಯೋ, ಓದೀಯೋ?"

"ಓದೀನ್ರಿ" ಎಂದೆ.

"ಹಂಗಾರ ಇನ್ನಾ ಅರ್ಧ ಕಲ್ತೀ."

ನಾನು ಕಲಿತು ಹೊರಬಿದ್ದು, ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದೆ. ಅಕ್ಕೋರ ಸಂಪರ್ಕ ಬಿಡಲಿಲ್ಲ. ನಿವೃತ್ತಿಗೆ ಇನ್ನೊಂದು ತಿಂಗಳು ಇರುವಾಗ ಫೋನು ಬಂತು. "ನಿಮ್ಮ ಸಾಲಿಗೆ ಒಂದು ಬೀಗರ ಕಲ್ಲು ಕೊಡತೇನಿ ಅಂದಿದ್ದೆ. ರವಿವಾರ ರಾಮದುರ್ಗದ ಆಚಿ ಬಾವಿಗೆ ಹೋಗೂಣು. ಲಗಮಪ್ಪಗ ಹೇಳೀನಿ. ನನ್ನ ಕಂದೀಲಿನ ಗಾಜು ಬಸ್ಸಿನ್ಯಾಗ ಒಡದದ. ನಿಮ್ಮನಿದು ತಗೊಂಬಾ. ಎಣ್ಣಿ ತುಂಬಿಸಿ ತಾ."

ಲಗಮಪ್ಪ ಆ ಕಡೆಯ ಹಳ್ಳಿಯವನು. ಬಾವಿ ತೋಡುವುದು, ಹೂಳು ತೆಗೆಯುವುದು ಅವನ ಕಸುಬು. ಅಕ್ಕೋರು ಇಪ್ಪತ್ತು ವರ್ಷದಿಂದ ಅವನನ್ನು ಬಿಟ್ಟು ಯಾವ ಬಾವಿಗೂ ಹೋದವರಲ್ಲ. ಇಬ್ಬರಿಗೂ ಒಂದೇ ಪದ್ಧತಿ. ಮೊದಲು ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ತಳಕ್ಕೆ ಇಳಿಸುವುದು. ಸಾವಕಾಶ ನೂರು ಎಣಿಸುವುದು. ಉರಿ ಹಾಗೇ ಇದ್ದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವುದು. ನಾನು ವಿದ್ಯಾರ್ಥಿಯಾಗಿದ್ದಾಗ ಇದನ್ನು ಎರಡು ಸಲ ಕಂಡಿದ್ದೆ. ಎರಡೂ ಸಲ ಉರಿ ಉಳಿದಿತ್ತು. ಬಹುಶಃ ಅದಕ್ಕೇ ನನ್ನ ಮನಸ್ಸಿನಲ್ಲಿ ಅದು ಕತ್ತಲ ಬಾವಿಗೆ ಬೆಳಕು ಇಳಿಸುವ ಕೆಲಸವಾಗಿ ಕೂತುಬಿಟ್ಟಿತ್ತು. ನೂರು ಎಣಿಸುವುದನ್ನು ನಾನು ಅಕ್ಕೋರ ಅಂಜುಬುರುಕುತನದ ಲೆಕ್ಕಕ್ಕೆ ಹಾಕಿದ್ದೆ.

ನಮ್ಮ ಮನೆಯ ಕಂದೀಲು ಅಟ್ಟದ ಮೇಲೆ ತುಕ್ಕು ಹಿಡಿದಿತ್ತು. ಸೀಮೆಎಣ್ಣೆ ರೇಷನ್ ಅಂಗಡಿಗೆ ಬರುವುದು ನಿಂತು ಎಷ್ಟು ಕಾಲವಾಯಿತೋ. ನಾಲ್ಕು ಕಡೆ ಕೇಳಿದೆ, ಸಿಗಲಿಲ್ಲ. ಪೇಟೆಯಲ್ಲಿ ಕಂದೀಲಿನದೇ ಆಕಾರದ, ಮೇಲೆ ಹಿಡಿಕೆಯಿದ್ದ, ಚಾರ್ಜ್ ಮಾಡುವ ದೀಪ ಕಂಡಿತು. ಒಮ್ಮೆ ಚಾರ್ಜ್ ಮಾಡಿದರೆ ಇಡೀ ದಿನ ಬೆಳಗುತ್ತದೆ ಎಂದ ಅಂಗಡಿಯವ. ಅಕ್ಕೋರು ಖುಷಿಪಡುತ್ತಾರೆ ಎಂದೇ ಕೊಂಡೆ.

ಬಸ್ಸಿನಲ್ಲಿ ಅವರು ಕೇಳಿದರು, "ಕಂದೀಲ ತಂದೀ?"

"ತಂದೀನ್ರಿ ಮೇಡಂ." ಚೀಲದ ಜಿಪ್ಪು ಹಾಕಿತ್ತು. ತೆಗೆದು ತೋರಿಸಲಿಲ್ಲ. ಅಲ್ಲಿ ಹೋಗಿ ತೋರಿಸಿದರೆ ಚೆಂದ ಎಂದುಕೊಂಡೆ.

ಮುರಗೋಡ ದಾಟಿದ ಮೇಲೆ ಕಿಟಕಿಯಾಚೆ ಎರೆಮಣ್ಣು ತೆಳುವಾಗುವುದನ್ನು ಅವರು ಎಂದಿನಂತೆ ಬೆರಳು ಮಾಡಿ ತೋರಿಸಿದರು. "ಇಲ್ಲಿತನಕ ಕರಿಕಲ್ಲಿನ ರಾಜ್ಯ. ಮುಂದ ಬರೂದು ಅದಕ್ಕಿಂತ ಭಾಳ ಹಳೇ ಮಂದಿ." ಮಂದಿ ಎಂದರೆ ಕಲ್ಲುಗಳು.

ಬಾವಿಯ ಹತ್ತಿರ ಲಗಮಪ್ಪ ಹೆಗಲಿಗೆ ಹಗ್ಗ ಹಾಕಿಕೊಂಡು ಕಾಯುತ್ತಿದ್ದ. ಇಳಿಜಾರಿನ ಮೇಲ್ಭಾಗದಲ್ಲಿ, ನೂರು ಹೆಜ್ಜೆಯಷ್ಟು ದೂರ, ವರ್ಷಗಳಿಂದ ಮುಚ್ಚಿದ್ದ ಸುಣ್ಣದ ಭಟ್ಟಿ. ಅವತ್ತು ಅದರಿಂದ ಹೊಗೆ ಏಳುತ್ತಿತ್ತು. ಎಲೆಯೊಂದು ಅಲುಗದ ದಿನ. ಅಕ್ಕೋರು ನಿಂತರು.

"ಲಗಮಪ್ಪಾ, ಭಟ್ಟಿ ಯಾವಾಗ ಹಚ್ಯಾರೋ?"

"ನಾಕೈದ ದಿನಾತ್ರಿ ಅಕ್ಕೋರ. ಬ್ಯಾರೆ ಮಂದಿ ಬಂದಾರ."

ಅವರ ಮುಖ ಸಣ್ಣಗಾಯಿತು. "ನಾ ಹೋಗಿ ಕೇಳಿ ಬರತೇನಿ. ನೀವು ದೀಪಾ ಇಳಿಸಿ ನೋಡ್ತಿರ್ರಿ. ನೂರು ಎಣಸ್ರಿ. ನಾ ಬರೂತನಕ ಯಾರೂ ಇಳಿಬ್ಯಾಡ್ರಿ."

ಅವರು ಬೂಟುಗಾಲಿನಲ್ಲಿ ಇಳಿಜಾರು ಹತ್ತಿದರು. ಲಗಮಪ್ಪ ಬೇವಿನ ಮರಕ್ಕೆ ಹಗ್ಗದ ತುದಿ ಕಟ್ಟಲು ಆಚೆ ಹೋದ. ನಾನು ದೀಪದ ಗುಂಡಿ ಒತ್ತಿ ಇಳಿಸಿದೆ. ನೂರು ಎಣಿಸಿದೆ. ಒಂದನ್ನೂ ಬಿಡದೆ, ಅಕ್ಕೋರು ಹೇಳಿದಷ್ಟೇ ಸಾವಕಾಶವಾಗಿ ಎಣಿಸಿದೆ. ದೀಪ ಒಂದು ಎಳೆಯೂ ಮಂಕಾಗಲಿಲ್ಲ. ಚಿತ್ರ ತೆಗೆದೆ.

"ದೀಪಾ ಹೆಂಗೈತ್ರಿ ಮಾಸ್ತರ?" ಲಗಮಪ್ಪ ಮರದ ಹತ್ತಿರ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತ ಕೂಗಿದ.

ನಾನು ಹೇಳಿದ ಮಾತನ್ನು ಆಗಲೇ ಬರೆದಿದ್ದೇನೆ.

"ಅಕ್ಕೋರು ನಿಲ್ಲಂದಾರಲ್ರಿ?" ಎಂದ ಅವನು.

"ದೀಪಾ ಉರಿಯಾಕ ಹತ್ತೈತಲ್ಲ. ಅವರು ಬರೂದರಾಗ ಕಲ್ಲು ತಗೊಂಡು ಬಂದ್ರ ಅವರಿಗೂ ಖುಷಿ."

ಅವನು ನಕ್ಕ. ಅರ್ಧದವರೆಗೆ ಕಲ್ಲಿನ ಪಾವಟಿಗೆ, ಆಮೇಲೆ ಗೋಡೆಗೆ ಹೊಡೆದ ಕಬ್ಬಿಣದ ಹಿಡಿಗಳು. ಹತ್ತಾಳುದ್ದದ ಬಾವಿಯೇನಲ್ಲ, ಮೂವತ್ತಡಿ ಇದ್ದೀತು. ನಾನು ಹಗ್ಗ ಬಿಡುತ್ತಾ ನಿಂತೆ. ಅವನು ತಳ ಮುಟ್ಟಿ, ದೀಪದ ಕಡೆ ಬಗ್ಗಿ ನೋಡಿ, ತಟ್ಟನೆ ತಲೆ ಎತ್ತಿದ. ಏನೋ ಕೇಳಲು ಬಾಯಿ ತೆರೆದ.

"ಮಾಸ್ತರ, ಇದು..."

ಮುಂದಿನ ಮಾತು ಬರಲಿಲ್ಲ. ಅವನ ಮೊಣಕಾಲು ಮಡಚಿದವು. ದೇವರ ಮುಂದೆ ಕೂತವನ ಹಾಗೆ ಮೆಲ್ಲಗೆ ಕೂತ. ಹಣೆ ಗೋಡೆಗೆ ತಾಗಿತು. ಪಕ್ಕದಲ್ಲಿ ದೀಪ ಬೆಳ್ಳಗೆ ಬೆಳಗುತ್ತಲೇ ಇತ್ತು. ಅವನ ಅರೆತೆರೆದ ಕಣ್ಣು, ಮೀಸೆಯ ಬೆವರು ಎಲ್ಲವನ್ನೂ ತೋರಿಸುತ್ತ ಬೆಳಗುತ್ತಿತ್ತು.

ನಾನು ಕೂಗಿದೆ. ಹಗ್ಗ ಬಿಟ್ಟು ಪಾವಟಿಗೆಗೆ ಕಾಲಿಟ್ಟೆ. ಎರಡನೆಯದೋ ಮೂರನೆಯದೋ ಮೆಟ್ಟಿಲಲ್ಲಿದ್ದಾಗ ಹಿಂದಿನಿಂದ ಯಾರೋ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದರು. ಉಸಿರು ಕಟ್ಟಿತು. ಅಕ್ಕೋರು. ಭಟ್ಟಿಯಿಂದ ಓಡಿ ಬಂದಿದ್ದರು. ಕೆನ್ನೆಗೆ ಒಂದು ಏಟು ಬಿತ್ತು.

"ನೀ ಇಳದ್ರ ಎರಡು ಹೆಣ. ಹಗ್ಗ ಹಿಡಿ."

ಆ ದನಿಯಲ್ಲಿ ನಡುಕವೇ ಇರಲಿಲ್ಲ. ಗಾಳಿಗೂ ಅಂಜುವ ಹೆಂಗಸು ಭಟ್ಟಿಯ ಕಡೆ ತಿರುಗಿ "ಏ, ಬರ್ರೋ, ಹಗ್ಗ ಜಗ್ಗ ಬರ್ರಿ" ಎಂದು ಕೂಗಿದ ಕೂಗಿಗೆ ಮೂವರು ಗಂಡಸರು ಓಡಿ ಬಂದರು. ಎಲ್ಲರೂ ಎಳೆದೆವು. ಲಗಮಪ್ಪ ಗೋಡೆಗೆ ಬಡಿಯುತ್ತ ಮೇಲೆ ಬಂದ. ಒಮ್ಮೆ ಹೆಗಲು ಕಬ್ಬಿಣದ ಹಿಡಿಗೆ ಸಿಕ್ಕಿಕೊಂಡಿತು. ಅಕ್ಕೋರು "ಮುರಿದ್ರ ಮುರೀಲಿ, ನಿಲ್ಲಬ್ಯಾಡ್ರಿ, ಜಗ್ಗರಿ" ಎಂದರು. ಮುರಿದ ಸದ್ದು ನನಗೆ ಕೇಳಿಸಿತು. ಈಗಲೂ ಕೇಳಿಸುತ್ತದೆ.

ನೆಲದ ಮೇಲೆ ಹಾಕಿದಾಗ ಅವನ ತುಟಿ ನೀಲಿ. ಅಕ್ಕೋರು ಅವನ ಬಾಯಿಗೆ ಬಾಯಿಟ್ಟು ಊದಿದರು. ಸುತ್ತ ನಿಂತ ಗಂಡಸರು ಮುಖ ತಿರುಗಿಸಿದರು, ಅವರು ಲೆಕ್ಕಿಸಲಿಲ್ಲ. ನಾನು ಒಳಗೇ ಎಣಿಸುತ್ತಿದ್ದೆ. ಯಾಕೆ ಎಣಿಸುತ್ತಿದ್ದೆನೋ ಗೊತ್ತಿಲ್ಲ. ನಲವತ್ತಕ್ಕೆ ಬಂದಾಗ ಅವನ ಎದೆ ಜಗ್ಗಿ ಕೆಮ್ಮಿತು.

ಭಟ್ಟಿಯ ಸಣ್ಣ ಟೆಂಪೊ ಬರುವ ತನಕ ನಾವು ಅವನ ಸುತ್ತ ಕೂತೆವು. ಆಗ ಅಕ್ಕೋರು ಬಗ್ಗಿ ಬಾವಿಯೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಭಟ್ಟಿಯವನ ಹತ್ತಿರ ಬೆಂಕಿಪೆಟ್ಟಿಗೆ ಇಸಿದುಕೊಂಡು, ತಮ್ಮ ಟವೆಲ್ಲಿನ ತುದಿ ಹರಿದು ಅವನು ಕ್ಯಾನಿನಲ್ಲಿ ತಂದುಕೊಟ್ಟ ಡೀಸೆಲ್ಲಿನಲ್ಲಿ ಅದ್ದಿ, ಹಗ್ಗಕ್ಕೆ ಕಟ್ಟಿ ಹಚ್ಚಿ ಇಳಿಬಿಟ್ಟರು. ಜ್ವಾಲೆ ಪಾವಟಿಗೆಯ ಕೊನೆ ದಾಟಿತು. ತಳ ಇನ್ನೂ ಎರಡಾಳು ಇರುವಾಗ ಯಾರೋ ಬೆರಳಲ್ಲಿ ಚಿವುಟಿದ ಹಾಗೆ ಆರಿತು. ಅದರ ಕೆಳಗೆ ನನ್ನ ದೀಪ ಬೆಳಗುತ್ತಿತ್ತು.

"ನೋಡಿದಿ?" ಎಂದರು.

ಅವರ ಪ್ರಶ್ನೆಯ ಇನ್ನರ್ಧವನ್ನು ಅವರು ಆಡಲಿಲ್ಲ. ಆಮೇಲೆ ಬೇವಿನ ಬುಡಕ್ಕೆ ಹೋಗಿ ವಾಂತಿ ಮಾಡಿಕೊಂಡರು.

ರಾಮದುರ್ಗದ ಆಸ್ಪತ್ರೆಯಲ್ಲಿ ಲಗಮಪ್ಪ ಸಂಜೆಗೆ ಕಣ್ಣು ಬಿಟ್ಟ. ಭುಜದ ಎಲುಬು ಮುರಿದಿತ್ತು, ಜೀವ ಉಳಿದಿತ್ತು. ಪೊಲೀಸರು ಹೇಳಿಕೆ ಬರೆದುಕೊಳ್ಳಲು ಬಂದರು. ದೀಪ ನೋಡಿ ಇಳಿಸಿದವರು ಯಾರು ಎಂದು ಕೇಳಿದರು. ನಾನು ಅಲ್ಲೇ, ಅಕ್ಕೋರ ಪಕ್ಕದಲ್ಲೇ ನಿಂತಿದ್ದೆ.

"ದೀಪದ ಪರೀಕ್ಷಾ ನಂದ್ರಿ" ಎಂದರು ಅಕ್ಕೋರು. "ಎಲ್ಲಾ ಪ್ರವಾಸದಾಗೂ ನಂದ. ಇವತ್ತ ಸರಿಯಾಗಿ ಮಾಡಲಿಲ್ಲ. ಹಂಗ ಬರ್ಕೊಳ್ರಿ."

ನಾನು ಬಾಯಿ ತೆರೆಯಲಿಲ್ಲ. ಆ ಮೌನಕ್ಕೆ ನನ್ನ ಹತ್ತಿರ ಯಾವ ಕಾರಣವೂ ಇಲ್ಲ. ಹೆದರಿದ್ದೆ, ಅಷ್ಟೇ.

ತಿರುಗಿ ಬರುವ ಬಸ್ಸಿನಲ್ಲಿ ಒಮ್ಮೆ ಮಾತ್ರ ಆ ಮಾತು ಎತ್ತಿದರು. "ಎಣ್ಣಿ ಸಿಗಲಿಲ್ಲ ಅಂತ ನನಗ ಹೇಳಬೇಕಿತ್ತೋ ತಮ್ಮಾ. ಒಂದು ಮೇಣಬತ್ತಿ ಸಾಕಿತ್ತು." ಆಮೇಲೆ, "ನಂದೂ ತಪ್ಪದ. ಕಂದೀಲ ತಾ ಅಂದೆ. ಯಾಕಂತ ಹೇಳಲಿಲ್ಲ. ನಿನಗ ಗೊತ್ತದ ಅಂತ ತಿಳದೆ" ಎಂದರು.

ನನಗೆ ಗೊತ್ತಿತ್ತು. ಎರಡೂವರೆ ಪುಟ ಬರೆಯುವಷ್ಟು ಗೊತ್ತಿತ್ತು.

ಅವತ್ತಿನಿಂದ ನಿದ್ದೆ ಹೋಯಿತು. ಮೊದಲ ದಿನಗಳಲ್ಲಿ ದೀಪ ಇನ್ನೂ ಬಾವಿಯಲ್ಲಿ ಉರಿಯುತ್ತಿದೆಯೇ ಎಂಬ ಚಿಂತೆ. ಅದರ ಹಗ್ಗವೂ ಗಡಿಬಿಡಿಯಲ್ಲಿ ಕೆಳಗೆ ಬಿದ್ದಿತ್ತು, ತೆಗೆಯಲು ಯಾರೂ ಇಳಿದಿರಲಿಲ್ಲ. ಎಷ್ಟು ಹೊತ್ತಿಗೆ ಚಾರ್ಜ್ ಮುಗಿದೀತು ಎಂದು ಲೆಕ್ಕ ಹಾಕುತ್ತ ಮಲಗುತ್ತಿದ್ದೆ. ಆಮೇಲೆ ಆ ಲೆಕ್ಕವೂ ತೀರಿ ಬರೀ ಎಣಿಕೆ ಉಳಿಯಿತು. ಕಣ್ಣು ಮುಚ್ಚಿದರೆ ಒಂದು, ಎರಡು, ಮೂರು. ನೂರಕ್ಕೆ ಬಂದ ಕೂಡಲೇ ಲಗಮಪ್ಪ "ಮಾಸ್ತರ, ಇದು" ಅನ್ನುತ್ತಿದ್ದ, ನಾನು ಎದ್ದು ಕೂರುತ್ತಿದ್ದೆ. ಸ್ನಾನದ ನೀರು ಕಾಯಿಸಿದ ಬಚ್ಚಲಿಗೆ ಮಗಳು ಹೋದರೆ ಬಾಗಿಲು ಬಡಿಯುತ್ತಿದ್ದೆ. ಹೆಂಡತಿ ಮೊದಲು ಬೈದಳು, ಆಮೇಲೆ ಸುಮ್ಮನಾದಳು. ಅಕ್ಕೋರು ನಮ್ಮ ತಲೆಗಳನ್ನು ಮೂರು ಮೂರು ಸಲ ಯಾಕೆ ಎಣಿಸುತ್ತಿದ್ದರೆಂದು ಆ ತಿಂಗಳುಗಳಲ್ಲಿ ನನಗೆ ತಿಳಿಯಿತು.

ಅವರ ನಿವೃತ್ತಿಯ ಸಮಾರಂಭದಲ್ಲಿ ಶಾಲು ಹೊದಿಸಿದರು, ಹಾರ ಹಾಕಿದರು. ಮಾತಾಡಿದವರೆಲ್ಲ ಒಂದು ಕಡೆ ಹೊಗಳಿ ಇನ್ನೊಂದು ಕಡೆ "ಕೊನೆಯಲ್ಲಿ ಒಂದು ಅಚಾತುರ್ಯ ಆಗಬಾರದಿತ್ತು" ಎಂದು ಸೇರಿಸಿದರು. ಅಕ್ಕೋರು ತಲೆ ಆಡಿಸಿದರು. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಎದ್ದು ನಿಂತು ಹೇಳಬೇಕೆಂದು ಎರಡು ಸಲ ಕುರ್ಚಿಯ ಕೈ ಹಿಡಿದೆ. ಎರಡು ಸಲವೂ ಅಕ್ಕೋರು ನನ್ನ ಕಡೆ ನೋಡಿ, ತರಗತಿಯಲ್ಲಿ ಮಾಡುತ್ತಿದ್ದಂತೆ ಕೂಡ್ರು ಎಂದು ಬೆರಳು ಆಡಿಸಿದರು. ನಾನು ಕೂತೆ. ಅವರು ಹೇಳಿದ್ದಕ್ಕೆ ಕೂತೆನೋ, ನನಗೇ ಕೂರುವುದು ಬೇಕಿತ್ತು, ಅದಕ್ಕೆ ಕೂತೆನೋ.

ಮುಂದೆ ಏಳೆಂಟು ತಿಂಗಳಿಗೆ ಅವರು ಕಿತ್ತೂರಿನ ಮನೆಯಲ್ಲಿ, ಮಧ್ಯಾಹ್ನದ ಊಟ ಮಾಡಿ ಒರಗಿದವರು, ಏಳಲಿಲ್ಲ. ಮಣ್ಣಿಗೆ ಹೋಗಿ ಬಂದೆ. ಹೊರಡುವಾಗ ಅವರ ಅಕ್ಕನ ಮಗಳು ಒಳಗಿನಿಂದ ಹಿಟ್ಟಿನ ಚೀಲ ತಂದು ಕೈಯಲ್ಲಿಟ್ಟಳು.

"ಮಾವಶಿ ಇದನ್ನ ನಿಮಗ ಕೊಡ್ರಿ ಅಂದಿದ್ಳು. ಹೊಸಾ ಗಾಜು ಹಾಕಿಸ್ಯಾಳ. ಎಣ್ಣಿ ಮಾತ್ರ ಡೀಸೆಲ್ ಐತ್ರಿ. ಸೀಮಿಎಣ್ಣಿ ಆಕಿಗೂ ಎಲ್ಲೂ ಸಿಗಲಿಲ್ಲ. ಹೊಗಿ ಭಾಳ ಬರತೈತಿ, ಆದ್ರ ಉರಿತೈತಿ ಅಂತ ಹೇಳಂದ್ಳು."

ಕಂದೀಲಿನ ಜೊತೆಗೆ ಅವರ ಮೇಜಿನ ಬೀಗರ ಕಲ್ಲೂ ಇತ್ತು.

ಕಲ್ಲನ್ನು ಶಾಲೆಯಲ್ಲಿಟ್ಟೆ. ಕಂದೀಲನ್ನು ಏನು ಮಾಡಬೇಕೆಂದು ತಿಳಿಯದೆ ಎರಡು ತಿಂಗಳು ಮಂಚದ ಕೆಳಗಿಟ್ಟಿದ್ದೆ. ಕೊನೆಗೆ ಒಂದು ದಿನ ಅದನ್ನೇ ಹಿಡಿದು ರಾಮದುರ್ಗದ ಬಸ್ಸು ಹತ್ತಿದೆ. ಲಗಮಪ್ಪ ತನ್ನ ತಮ್ಮನ ಹೊಲದಲ್ಲಿ, ಪಾವಟಿಗೆಯ ಒಂದು ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ಹೂಳು ಎಷ್ಟಿದೆ ನೋಡಬೇಕಿತ್ತಂತೆ. ಅವನ ಮುಂದೆ ನಿಂತು ಎಲ್ಲ ಹೇಳಿದೆ. ಅಂಗಡಿ, ಚಾರ್ಜ್ ದೀಪ, ಚೀಲದ ಜಿಪ್ಪು, ಪೊಲೀಸರ ಮುಂದಿನ ಮೌನ. ಚಿತ್ರವನ್ನೂ ತೋರಿಸಿದೆ.

ಅವನು ಫೋನು ಇಸಿದುಕೊಂಡು ಕಣ್ಣು ಕಿರಿದು ಮಾಡಿ ನೋಡಿದ. ವಾಪಸು ಕೊಟ್ಟ.

"ಇದು ನನಗ ಗೊತ್ತಿತ್ರಿ ಮಾಸ್ತರ."

"ಯಾವಾಗಿಂದ?"

"ಕೆಳಗ ಇಳದ ಬಗ್ಗಿ ನೋಡಿದ್ನಿ, ಬತ್ತಿ ಇಲ್ಲ. ಇದು ದೀಪಲ್ಲ ಅನ್ನೂದರಾಗ ಕಾಲಾಗಿನ ಬಲಾ ಹೋತು. ಅಕ್ಕೋರ ಕೈಯಾಂದಲ್ಲ ಅಂತ ಆಗ ತಿಳೀತು. ಆಕಿ ಹಂಗ ಮಾಡೂ ಹೆಣ್ಣಮಗಳಲ್ಲ."

"ಮತ್ತ ಯಾರಿಗೂ ಯಾಕ ಹೇಳಲಿಲ್ಲ ನೀವು?"

"ಆಕಿ ತಾನ ಗಂಟು ಹೊತಗೊಂಡ್ಳು. ಹೊತ್ತಾಕಿ ತಲಿ ಮ್ಯಾಲಿಂದ ಕಸಗೊಂಡು ನಾ ಯಾರ ತಲಿ ಮ್ಯಾಲ ಇಡ್ಲಿ?" ಬಲಗೈಯನ್ನು ಎತ್ತಿದ. ಅದು ಕಿವಿಯ ಮಟ್ಟಕ್ಕೆ ಬಂದು ನಿಂತಿತು. "ಇದು ಇದರ ಮ್ಯಾಲ ಹೋಗೂದಿಲ್ಲ ನೋಡ್ರಿ. ತಲಿಗೆ ಪಟಗಾ ಸುತ್ತಾಕೂ ಹೆಂಡ್ತಿ ಬೇಕು. ಸಿಟ್ಟು ಬರತೈತಿ ನನಗ. ಇಲ್ಲಾ ಅಂದ್ರ ಸುಳ್ಳಾಕ್ಕೈತಿ."

ನಾನು ತಲೆ ತಗ್ಗಿಸಿದೆ. ಅವನು ನನ್ನ ಕೈಯ ಚೀಲದ ಕಡೆ ಗದ್ದ ಮಾಡಿ, "ಅದು ಆಕಿದ?" ಎಂದ.

"ಹೌದು."

"ಹಚ್ರಿ ಮತ್ತ. ಬಂದೀರಿ, ಕೆಲಸ ಮಾಡ್ರಿ."

ಮೂರು ಕಡ್ಡಿ ಕೆಟ್ಟವು, ನಾಲ್ಕ‌ನೆಯದಕ್ಕೆ ಹೊತ್ತಿತು. ಡೀಸೆಲ್ಲಿನ ಕರಿ ಹೊಗೆ ಗಾಜಿಗೆ ಬಡಿಯಿತು. ಬತ್ತಿ ಸಣ್ಣದು ಮಾಡಿ ಹಗ್ಗಕ್ಕೆ ಕಟ್ಟಿ ಇಳಿಸಿದೆ. ಕೆಸರಿನ ಮೇಲೆ ಒಂದು ಗೇಣು ಬಿಟ್ಟು ನಿಲ್ಲಿಸಿದೆ.

"ಎಣಸ್ರಿ. ಬಾಯಿಬಿಟ್ಟು ಎಣಸ್ರಿ, ನನಗ ಕೇಳಬೇಕು."

ಎಣಿಸಿದೆ. ಹದಿನೆಂಟರಲ್ಲಿ ಉರಿ ಒಮ್ಮೆ ತೂಗಿತು, ನಾನು ಇನ್ನಷ್ಟು ಬಗ್ಗಿದೆ. ಅದು ಗಾಳಿಗೆ ತೂಗಿದ್ದು. ನಲವತ್ತರಲ್ಲಿ ಕೈ ಬೆವರಿ ಹಗ್ಗ ಒಂದಿಷ್ಟು ಜಾರಿತು. ಎಪ್ಪತ್ತು. ಎಂಬತ್ತು. ಹಳದಿ ನಾಲಿಗೆಯಷ್ಟು ಉರಿ, ನಿಂತೇ ಇತ್ತು. ತೊಂಬತ್ತೊಂಬತ್ತು. ನೂರು.

"ಹೆಂಗೈತಿ ದೀಪಾ?" ಎಂದ ಅವನು. ಅವತ್ತು ಕೇಳಿದ್ದ ಮಾತೇ. ತಾನೇ ಬಗ್ಗಿ ನೋಡಬಹುದಿತ್ತು, ನೋಡಲಿಲ್ಲ. ನನ್ನ ಮುಖ ನೋಡುತ್ತ ನಿಂತ.

ನಾನು ಮತ್ತೊಮ್ಮೆ ಬಗ್ಗಿದೆ. ಬತ್ತಿ ನೋಡಿದೆ, ಉರಿ ನೋಡಿದೆ, ಹೊಗೆ ಮೇಲಕ್ಕೆ ಬರುತ್ತಿರುವುದನ್ನು ನೋಡಿದೆ.

"ಉರಿಯಾಕ ಹತ್ತೈತಿ" ಎಂದೆ. "ನೋಡೀನಿ."

ಅವನು ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಮರಕ್ಕೆ ಬಿಗಿಸಿ, ನಡುವಿನ ಸುತ್ತನ್ನು ನನ್ನ ಕೈಗೆ ಕೊಟ್ಟು, ಎಡಗೈಯಿಂದ ಗೋಡೆ ಹಿಡಿದುಕೊಳ್ಳುತ್ತ ಇಳಿದ. ಕೆಳಗಿನಿಂದ ಕೋಲಿನಲ್ಲಿ ಕೆಸರು ಚುಚ್ಚುವ ಸದ್ದು ಬಂತು. ಪ್ರತಿ ಸದ್ದಿಗೂ ನಾನು "ಲಗಮಪ್ಪಾ" ಎಂದು ಕೂಗಿದೆ. ನಾಲ್ಕೈದು ಸಲ "ಹಾ ಹೇಳ್ರಿ" ಎಂದ. ಆಮೇಲೆ "ಜೀವಂತ ಅದೇನಿ ಮಾರಾಯಾ, ಚೂರು ಸುಮ್ಕಿರ್ರಿ" ಎಂದ. ಕಾಲು ತಾಸಿಗೆ, ಮೊಣಕಾಲ ತನಕ ಕೆಸರು ಮೆತ್ತಿಕೊಂಡು, ಕಂದೀಲನ್ನು ತಾನೇ ಹಿಡಿದುಕೊಂಡು ಮೇಲೆ ಬಂದ. ಅದನ್ನು ನನ್ನ ಮುಖದ ಹತ್ತಿರ ತಂದು ಊದಿ ಆರಿಸಿದ.

"ಹೊಗಿ ಭಾಳ ಕೆಟ್ಟೈತಿ. ಮುಂದಿನ ಸಲ ಔಡಲೆಣ್ಣಿ ಹಾಕ್ಕೊಂಡ ಬರ್ರಿ."

ಮುಂದಿನ ಸಲ ಎಂದನು. ಬಸ್ಸಿನಲ್ಲಿ ಅದನ್ನೇ ಹೇಳಿಕೊಳ್ಳುತ್ತ ಬಂದೆ. ಮನೆ ಮುಟ್ಟಿದ್ದು ಸಂಜೆ. ಮಸಿ ಹಿಡಿದ ಗಾಜನ್ನು ಬೂದಿ ಹಾಕಿ ತಿಕ್ಕಿ ಒರೆಸಿ ಕಟ್ಟೆಯ ಮೇಲೆ ಒಣಗಲು ಇಟ್ಟೆ. ಉಂಡು ಮಲಗಿದೆ. ಎಂದಿನಂತೆ ಎಣಿಕೆ ಶುರುವಾಯಿತು. ಅರವತ್ತು, ಅರವತ್ತೊಂದರವರೆಗೆ ನೆನಪಿದೆ. ಆಮೇಲೆ ಹಾಲಿನವನು ಕೂಗುತ್ತಿದ್ದ, ಕಟ್ಟೆಯ ಮೇಲಿನ ಗಾಜಿಗೆ ಬಿಸಿಲು ಬಿದ್ದಿತ್ತು.